ಕೈಯಲ್ಲಿ ಬೆಳೆದ ಅಳಿಲು: ಬಿಡಬೇಕೆ, ಯಾವಾಗ, ಹೇಗೆ?

ಪ್ರಶ್ನೆ: ಗಾಳಿಮಳೆಗೆ ಮುರಿದುಬಿದ್ದ ಕೊಂಬೆಯ ಬಳಿ, ಇನ್ನೂ ಕಣ್ಣು ಬಿಡದ ಎರಡು ಅಳಿಲು ಮರಿಗಳು ನಮಗೆ ಸಿಕ್ಕಿದವು. ಸಂಜೆಯವರೆಗೆ ಕಾದರೂ ತಾಯಿ ಬರಲಿಲ್ಲ. ಒಂದು ಮರಿ ಮರುದಿನವೇ ಸತ್ತಿತು. ಇನ್ನೊಂದಕ್ಕೆ ನಾನೂ ಮಗಳೂ ಫಿಲ್ಲರ್‌ನಿಂದ ಹಸುವಿನ ಹಾಲು ಕುಡಿಸಿ ಉಳಿಸಿಕೊಂಡೆವು. ಅದು ಹೆಣ್ಣು, ಈಗ ಐದು ತಿಂಗಳು. ಕಡಲೆಕಾಯಿ, ಸೂರ್ಯಕಾಂತಿ ಬೀಜ, ಬಿಸ್ಕತ್ತು ತಿನ್ನುತ್ತದೆ. ರಾತ್ರಿ ಮಗಳ ಹಳೆಯ ಸ್ವೆಟರಿನ ತೋಳಿನೊಳಗೆ ಮಲಗುತ್ತದೆ. ಮನೆಯ ನಾಯಿಗೆ ಹೆದರುವುದಿಲ್ಲ, ಅದರ ಬೆನ್ನ ಮೇಲೇ ಹತ್ತಿ ಕೂರುತ್ತದೆ. ಕಳೆದ ತಿಂಗಳು ನಾಲ್ಕೈದು ದಿನ ಹಿಂಗಾಲು ಎಳೆದುಕೊಂಡು ನಡೆಯುತ್ತಿತ್ತು. ಎಲ್ಲಿಂದಲೋ ಬಿದ್ದಿರಬೇಕು ಅಂದುಕೊಂಡೆವು, ತಾನಾಗಿ ಸರಿಹೋಯಿತು. ಈಚೆಗೆ ಮನೆಗೆ ಬಂದವರನ್ನು ಕಚ್ಚತೊಡಗಿದೆ. ಮನುಷ್ಯರ ವಾಸನೆ ಹತ್ತಿದ ಅಳಿಲನ್ನು ಬೇರೆ ಅಳಿಲುಗಳು ಕಚ್ಚಿ ಸಾಯಿಸುತ್ತವೆ ಎಂದು ಕೆಲವರು ಹೆದರಿಸುತ್ತಾರೆ. ಕೂಡಿಟ್ಟುಕೊಳ್ಳುವುದು ಪಾಪ, ಇವತ್ತೇ ಬಿಟ್ಟುಬಿಡಿ ಎಂದು ಇನ್ನು ಕೆಲವರು. ಬಿಟ್ಟರೆ ಅದು ಬದುಕೀತೆ? ಬಿಟ್ಟ ಮೇಲೆ ತಿರುಗಿ ಬಂದರೆ, ಅಥವಾ ಬಾರದೇ ಹೋದರೆ, ನಾವೇನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳಿವೆ. ಬಿಟ್ಟರೆ ಸಾಯುತ್ತದೆ ಎಂಬುದು ಒಂದು, ಇಟ್ಟುಕೊಂಡರೆ ಅನ್ಯಾಯವಾಗುತ್ತದೆ ಎಂಬುದು ಇನ್ನೊಂದು. ಎರಡಕ್ಕೂ ಆಧಾರವಿದೆ. ಆದರೆ ವನ್ಯಜೀವಿಗಳಿಗೆ ಚಿಕಿತ್ಸೆ ಮಾಡುವ ನನಗೆ ಇವೆರಡಕ್ಕಿಂತ ಹೆಚ್ಚು ಚಿಂತೆಯಾದದ್ದು ನೀವು ಹಗುರವಾಗಿ ಹೇಳಿ ಮುಂದೆ ಹೋದ ಒಂದು ಸಂಗತಿ, ಆ ಹಿಂಗಾಲಿನದು. ಅದಕ್ಕೆ ಬರುತ್ತೇನೆ. ಮೊದಲೇ ನೇರವಾಗಿ ಹೇಳಬೇಕೆಂದರೆ, ಈ ಅಳಿಲನ್ನು ಬಿಡುವುದು ಸಾಧ್ಯ ಎಂದೇ ನನಗೆ ಅನಿಸುತ್ತದೆ. ಆದರೆ ಈ ವಾರ ಬೇಡ, ಮನೆಯ ಕಿಟಕಿಯಿಂದ ನೇರವಾಗಿ ಮರಕ್ಕೆ ಬೇಡ, ಮೂಳೆಗಳ ಪರೀಕ್ಷೆ ಆಗುವ ಮೊದಲಂತೂ ಖಂಡಿತ ಬೇಡ.

ವಾಸನೆಯ ಮಾತು ನಿಜವಲ್ಲ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಅಳಿಲು ದೂರ ಮಾಡುವುದಿಲ್ಲ. ಕೆಳಗೆ ಬಿದ್ದ ಮರಿಯನ್ನು ಬೆಚ್ಚಗಿಟ್ಟು ಅದೇ ಮರದ ಬುಡದಲ್ಲಿ ಇರಿಸಿದರೆ ತಾಯಿ ಬಂದು ಬಾಯಲ್ಲಿ ಕಚ್ಚಿಕೊಂಡು ಬೇರೊಂದು ಗೂಡಿಗೆ ಸಾಗಿಸುವುದುಂಟು. ದೊಡ್ಡ ಅಳಿಲುಗಳೂ ಮನುಷ್ಯರ ವಾಸನೆಯ ಕಾರಣಕ್ಕೆ ಯಾರನ್ನೂ ಕೊಲ್ಲುವುದಿಲ್ಲ. ಆದರೆ ಈ ನಂಬಿಕೆ ಹುಟ್ಟಿದ್ದಕ್ಕೆ ಒಂದು ಕಾರಣ ಕಣ್ಣೆದುರೇ ಇದೆ. ಹೊಸ ಅಳಿಲೊಂದು ಮರಕ್ಕೆ ಬಂದಾಗ ಅಲ್ಲಿ ಮೊದಲಿನಿಂದ ಇರುವವು ಚೀರುತ್ತಾ ಅಟ್ಟಿಸಿಕೊಂಡು ಬರುತ್ತವೆ. ಅವು ಕಾಯುತ್ತಿರುವುದು ತಮ್ಮ ಆಹಾರವನ್ನು ಮತ್ತು ಪೊಟರೆಯನ್ನು. ಪಕ್ಕದ ತೋಪಿನಿಂದ ಬಂದ ಕಾಡಿನ ಅಳಿಲಿಗೂ ಅವು ಇದನ್ನೇ ಮಾಡುತ್ತವೆ. ಹೀಗೆ ಅಟ್ಟಿಸಿಕೊಂಡು ಹೋದಾಗ ಓಡಿ ಅಡಗಲು ತನ್ನದೇ ಆದ ಒಂದು ಜಾಗ ಇರುವ ಅಳಿಲು ಕೆಲವು ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಅಂಥ ಜಾಗ ಇಲ್ಲದ ಅಳಿಲು ಗಾಬರಿಯಿಂದ ನೆಲಕ್ಕಿಳಿದು ಬೆಕ್ಕಿಗೋ ನಾಯಿಗೋ ಸಿಗುತ್ತದೆ. ‘ಬೇರೆ ಅಳಿಲುಗಳು ಸಾಯಿಸಿದವು’ ಎಂದು ಜನ ಹೇಳುವ ಘಟನೆಗಳಲ್ಲಿ ಹೆಚ್ಚಿನವುಗಳ ಹಿಂದೆ ಇರುವುದು ಇದೇ ಎಂಬುದು ನನ್ನ ಅಭಿಪ್ರಾಯ. ‘ಇವತ್ತೇ ಬಿಟ್ಟುಬಿಡಿ’ ಎನ್ನುವ ಸಲಹೆಯ ಅಪಾಯವೂ ಇಲ್ಲೇ ಇದೆ. ಸಲಹೆ ಕೊಟ್ಟವರ ಮನಸ್ಸು ಒಳ್ಳೆಯದೇ, ಆದರೆ ಅಡಗುವ ಜಾಗ, ಆಹಾರದ ಪರಿಚಯ ಯಾವುದೂ ಇಲ್ಲದೆ ಪ್ರಾಣಿಯನ್ನು ಒಮ್ಮೆಲೇ ಹೊರಗೆ ಹಾಕುವುದು ಬಿಡುಗಡೆಯಾಗುವುದಿಲ್ಲ.

‘ಮನುಷ್ಯರ ಕೈಯಲ್ಲಿ ಬೆಳೆದದ್ದಕ್ಕೆ ಅಳಿಲಿನ ವಿದ್ಯೆಯೇ ಬರುವುದಿಲ್ಲ’ ಎಂಬ ಮಾತನ್ನೂ ನೀವು ಕೇಳಿರಬಹುದು. ಇದು ಅರ್ಧ ಮಾತ್ರ ನಿಜ. ಆಸ್ಟ್ರಿಯಾದ ಪ್ರಾಣಿವರ್ತನಾ ವಿಜ್ಞಾನಿ ಐರಿನಾಯಸ್ ಐಬಲ್-ಐಬೆಸ್‌ಫೆಲ್ಟ್ ಅವರು ಯುರೋಪಿನ ಕೆಂಪು ಅಳಿಲಿನ ಮರಿಗಳನ್ನು ಬೇರೆ ಅಳಿಲುಗಳ ಮುಖ ತೋರಿಸದೆ, ಕೇವಲ ದ್ರವ ಆಹಾರ ಕೊಟ್ಟು, ಅಗೆಯಲು ಮಣ್ಣೂ ಇಲ್ಲದ ಕಡೆ ಬೆಳೆಸಿದರು. ಬೆಳೆದ ಮೇಲೆ ಮೊದಲ ಬಾರಿಗೆ ಕಾಯಿಗಳನ್ನು ಕೊಟ್ಟಾಗ ಅವು ಹೊಟ್ಟೆ ತುಂಬಿದ ಬಳಿಕ ಉಳಿದ ಕಾಯನ್ನು ಮೂಲೆಗೆ ಒಯ್ದು, ಗಟ್ಟಿ ನೆಲವನ್ನೇ ಕೆರೆದು, ಮೂತಿಯಿಂದ ಒತ್ತಿ, ಇಲ್ಲದ ಮಣ್ಣನ್ನು ಮುಂಗಾಲಿನಿಂದ ಮುಚ್ಚಿದವು. ಹೂಳುವ ವಿದ್ಯೆಯನ್ನು ಅವಕ್ಕೆ ಯಾರೂ ಕಲಿಸಿರಲಿಲ್ಲ. ಆದರೆ ಅದೇ ಅಳಿಲುಗಳು ಕಾಯಿ ಒಡೆಯುವುದರಲ್ಲಿ ಆರಂಭದಲ್ಲಿ ಒದ್ದಾಡಿದವು. ಕೆರೆಯುವುದು, ಹಲ್ಲಿನಿಂದ ಮೀಟುವುದು ಹುಟ್ಟಿನಿಂದಲೇ ಬಂದಿದ್ದರೂ, ಯಾವ ಗೆರೆಯಲ್ಲಿ ಕೆರೆದರೆ ಕಾಯಿ ಬೇಗ ಬಿರಿಯುತ್ತದೆ ಎಂಬುದನ್ನು ಅವು ಅಭ್ಯಾಸದಿಂದಲೇ ಕಲಿಯಬೇಕಾಯಿತು. ನಿಮ್ಮ ಅಳಿಲಿನ ವಿಷಯವೂ ಇಷ್ಟೇ. ಹತ್ತುವುದು, ಗೂಡು ಕಟ್ಟುವುದು, ಬಚ್ಚಿಡುವುದು ಅದರೊಳಗೆ ಇವೆ. ಆದರೆ ಅಭ್ಯಾಸಕ್ಕೆ ಬೇಕಾದ ಕೊಂಬೆ, ಗಟ್ಟಿ ಕಾಯಿ, ಎಲೆ, ನಾರು ಅದಕ್ಕೆ ಇನ್ನೂ ಸಿಕ್ಕಿಲ್ಲ. ಪರದೆಯನ್ನು ಹತ್ತುವುದು ಬೇರೆ, ಗಾಳಿಗೆ ತೂಗುವ ತೆಳ್ಳನೆಯ ರೆಂಬೆಯಿಂದ ಇನ್ನೊಂದಕ್ಕೆ ಜಿಗಿಯುವುದು ಬೇರೆ.

ಈಗ ಹಿಂಗಾಲಿನ ವಿಷಯ. ಕೈಯಲ್ಲಿ ಬೆಳೆದ ಅಳಿಲುಗಳು ನನ್ನ ಬಳಿ ಬರುವುದು ಹೆಚ್ಚಾಗಿ ಇದೇ ದೂರಿನೊಂದಿಗೆ. ಹಿಂಗಾಲು ಎಳೆಯುತ್ತದೆ, ಜಿಗಿಯುವುದಿಲ್ಲ, ಮುಟ್ಟಿದರೆ ಚೀರುತ್ತದೆ, ಕೆಲವೊಮ್ಮೆ ಮೈ ನಡುಗಿ ಸೆಳೆತ ಬರುತ್ತದೆ. ಮನೆಯವರು ಬಿದ್ದು ಪೆಟ್ಟಾಗಿದೆ ಎಂದೇ ತಿಳಿದಿರುತ್ತಾರೆ. ನಿಜವಾದ ಕಾರಣ ಬಹುಪಾಲು ಆಹಾರದಲ್ಲಿರುತ್ತದೆ. ಬೆಳೆಯುವ ಅಳಿಲಿಗೆ ಸಿಗುವ ಕ್ಯಾಲ್ಸಿಯಂ, ಆಹಾರದಲ್ಲಿನ ರಂಜಕದಷ್ಟಾದರೂ (ಫಾಸ್ಫರಸ್) ಇರಬೇಕು. ಅದರ ಎರಡು ಪಟ್ಟು ಇದ್ದರೆ ಉತ್ತಮ. ಕಡಲೆಕಾಯಿಯಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ರಂಜಕವೇ ಕ್ಯಾಲ್ಸಿಯಂನ ಸುಮಾರು 4 ಪಟ್ಟು. ಸೂರ್ಯಕಾಂತಿ ಬೀಜದಲ್ಲಿ ಸುಮಾರು 8 ಪಟ್ಟು. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ಹೃದಯ ಮತ್ತು ಸ್ನಾಯುಗಳ ಕೆಲಸ ನಿಲ್ಲಬಾರದೆಂದು ದೇಹ ತನ್ನ ಮೂಳೆಯನ್ನೇ ಕರಗಿಸಿ ಅದನ್ನು ತುಂಬಿಕೊಳ್ಳುತ್ತದೆ. ಇದರ ಜೊತೆಗೆ, ಮೂಳೆಗೆ ಬೇಕಾದ ಡಿ ಜೀವಸತ್ವ ಚರ್ಮದಲ್ಲಿ ತಯಾರಾಗಲು ನೇರ ಬಿಸಿಲು ಬೇಕು. ಕಿಟಕಿಯ ಗಾಜು ಬಿಸಿಲಿನ ಆ ಭಾಗವನ್ನು ತಡೆಯುವುದರಿಂದ, ಗಾಜಿನ ಹಿಂದೆ ಎಷ್ಟು ಹೊತ್ತು ಬೆಳಕಿನಲ್ಲಿ ಕೂತರೂ ಪ್ರಯೋಜನವಿಲ್ಲ. ಹೀಗೆ ಮನೆಯೊಳಗೆ ಬೀಜ ಮತ್ತು ಬಿಸ್ಕತ್ತು ತಿಂದು, ಮೈಯೆಲ್ಲ ರೋಮ ತುಂಬಿ, ಬಾಲ ಸೊಂಪಾಗಿ, ನೋಡಲು ಗುಂಡುಗುಂಡಾಗಿರುವ ಅಳಿಲಿನ ಮೂಳೆಗಳು ಎಕ್ಸ್‌ರೇಯಲ್ಲಿ ನೆರಳಿನಂತೆ ಮಸುಕಾಗಿ ಕಾಣುತ್ತವೆ.

ತಾನಾಗಿ ಸರಿಹೋಯಿತು ಎಂಬುದು ಸಮಾಧಾನದ ಮಾತಲ್ಲ. ಈ ಕಾಯಿಲೆಯ ಆರಂಭದಲ್ಲಿ ನಿಶ್ಶಕ್ತಿ ಬಂದು ಹೋಗುತ್ತಿರುತ್ತದೆ. ಸಣ್ಣ ಬಿರುಕುಗಳು ಕೂಡಿಕೊಂಡರೆ ನಡಿಗೆ ಮೊದಲಿನಂತಾಗುತ್ತದೆ, ಒಳಗಿನ ಕೊರತೆ ಹಾಗೆಯೇ ಉಳಿದಿರುತ್ತದೆ. ಮನೆಯಲ್ಲಿ ಅಂಥ ಅಳಿಲು ಸೋಫಾದಿಂದ ಜಾರಿದರೆ ಎದ್ದು ಹೋಗುತ್ತದೆ. ಮರದ ಮೇಲೆ ಜಿಗಿತದ ನಡುವೆ ಕಾಲು ಸೋತರೆ ಬೆನ್ನುಮೂಳೆ ಮುರಿಯುತ್ತದೆ. ನಿಮ್ಮದು ಹೆಣ್ಣಾದ್ದರಿಂದ ಇನ್ನೊಂದು ಮಾತನ್ನೂ ಹೇಳಲೇಬೇಕು. ಎಳೆಯ ವಯಸ್ಸಿನಲ್ಲಿ ಮೃದುವಾದ ಮೂಳೆಗಳು ಸೊಟ್ಟಾಗಿ ಗಟ್ಟಿಯಾದರೆ ಸೊಂಟದ ಎಲುಬಿನ ಬಾಯಿ ಕಿರಿದಾಗಬಹುದು. ಅಂಥ ಅಳಿಲು ಹೊರಗೆ ಎಲ್ಲ ರೀತಿಯಲ್ಲೂ ಚೆನ್ನಾಗಿ ಬದುಕಿ, ಮೊದಲ ಹೆರಿಗೆಯಲ್ಲಿ ಮರಿ ಹೊರಬರದೆ ಸಾಯುವ ಸಂಭವವಿದೆ. ಆದ್ದರಿಂದ ಸಣ್ಣ ಪ್ರಾಣಿಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರಲ್ಲಿ ಬೆನ್ನುಮೂಳೆ, ಸೊಂಟ ಮತ್ತು ಹಿಂಗಾಲುಗಳ ಎಕ್ಸ್‌ರೇ ತೆಗೆಸಿ. ಅಂದೇ ಬಾಚಿಹಲ್ಲುಗಳನ್ನೂ ನೋಡಿಸಿ. ಅಳಿಲಿನ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಮೇಲಿನದೂ ಕೆಳಗಿನದೂ ಒಂದಕ್ಕೊಂದು ತಾಗಿ ಸವೆಯದಿದ್ದರೆ ಅವು ಬಾಗಿ ಬಾಯನ್ನೇ ಕಟ್ಟಿಹಾಕುತ್ತವೆ, ಅಂಥ ಅಳಿಲನ್ನು ಎಂದಿಗೂ ಬಿಡುವಂತಿಲ್ಲ.

ಪರೀಕ್ಷೆಗೆ ಹೋಗುವವರೆಗೆ ಬಿಸ್ಕತ್ತನ್ನು ಪೂರ್ತಿ ನಿಲ್ಲಿಸಿ. ಬೀಜಗಳನ್ನು ದಿನಕ್ಕೆ ಒಂದೆರಡಕ್ಕೆ ಇಳಿಸಿ, ಸೊಪ್ಪು, ತರಕಾರಿ, ಎಳೆಯ ಚಿಗುರು, ಇಲಿ, ಅಳಿಲಿನಂಥ ದಂಶಕಗಳಿಗಾಗಿಯೇ ತಯಾರಿಸಿದ ಸಮತೋಲಿತ ಗುಳಿಗೆ ಆಹಾರ ಇವನ್ನು ಮುಂದಿಡಿ. ರುಚಿ ಹತ್ತಿದ ಬೀಜಕ್ಕಾಗಿ ಅದು ಹಟ ಮಾಡುತ್ತದೆ, ಸೋಲಬೇಡಿ. ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವದ ಔಷಧಿಗಳನ್ನು ಮಾತ್ರ ವೈದ್ಯರು ತೂಕ ನೋಡಿ ಹೇಳಿದ ಪ್ರಮಾಣದಲ್ಲೇ ಕೊಡಿ, ಏಕೆಂದರೆ ಇಷ್ಟು ಪುಟ್ಟ ದೇಹದಲ್ಲಿ ಡಿ ಜೀವಸತ್ವ ಸ್ವಲ್ಪ ಹೆಚ್ಚಾದರೂ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಹಸುವಿನ ಹಾಲನ್ನು ಈಗ ಕೊಡುತ್ತಿಲ್ಲ ಎಂದು ಭಾವಿಸುತ್ತೇನೆ. ಅಳಿಲಿನ ಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನು ಅದಕ್ಕಿಂತ ಬಹಳ ಹೆಚ್ಚು. ಹಸುವಿನ ಹಾಲು ಕುಡಿದ ಮರಿಗಳು ಹೊಟ್ಟೆಯುಬ್ಬರ ಮತ್ತು ಭೇದಿಯಿಂದ ಸಾಯುವುದು ಸಾಮಾನ್ಯ. ಆದರೆ ನೀವು ತಿಳಿದದ್ದನ್ನು ಮಾಡಿದ್ದೀರಿ, ಒಂದು ಮರಿಯನ್ನು ಉಳಿಸಿಯೂ ಇದ್ದೀರಿ. ಸತ್ತ ಮರಿಯ ಬಗ್ಗೆ ಅಪರಾಧಿ ಭಾವ ಬೇಡ. ಗಾಳಿಗೆ ಬಿದ್ದು ಗಂಟೆಗಟ್ಟಲೆ ಚಳಿಯಲ್ಲಿದ್ದ, ಮೈ ಮೇಲೆ ರೋಮವೂ ಸರಿಯಾಗಿ ಬಾರದ ಮರಿ, ಅನುಭವಿಗಳ ಕೈಗೆ ಸಿಕ್ಕಿದ್ದರೂ ಉಳಿಯುತ್ತಿತ್ತೆಂದು ಹೇಳಲಾಗದು.

ಕಚ್ಚುವುದಕ್ಕೂ ನೀವು ನಿರ್ಧಾರ ಮಾಡಬೇಕಾದ ಸಮಯಕ್ಕೂ ಸಂಬಂಧವಿದೆ. ಬೆನ್ನ ಮೇಲೆ ಪಟ್ಟೆಯಿರುವ ಚಿಕ್ಕ ಅಳಿಲುಗಳು ಸುಮಾರು 10 ವಾರಕ್ಕೆ ಹಾಲು ಬಿಟ್ಟು, 9 ತಿಂಗಳ ಹೊತ್ತಿಗೆ ಸಂತಾನಕ್ಕೆ ಬರುತ್ತವೆ. ದೊಡ್ಡ ಜಾತಿಗಳಲ್ಲಿ ಇದು ಇನ್ನಷ್ಟು ತಡ. ಆ ವಯಸ್ಸು ಹತ್ತಿರವಾದಂತೆ ಮರಿತನದ ಸಲಿಗೆ ಹೋಗಿ, ತನ್ನ ಜಾಗ ತನ್ನದು ಎಂಬ ಭಾವ ಬಲಿಯುತ್ತದೆ. ಸ್ವೆಟರಿನ ತೋಳು ಅದರ ಗೂಡು, ನಿಮ್ಮ ಮಗಳು ಅದರ ಮರ, ಬಂದವರು ಒಳನುಗ್ಗಿದ ಪರಕೀಯರು. ಇದು ಕೃತಘ್ನತೆಯಲ್ಲ, ಕೆಟ್ಟ ಗುಣವೂ ಅಲ್ಲ. ಆದರೆ ಮುಂದೆ ಇದು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ, ಒಂದು ದಿನ ಮಗಳನ್ನೂ ಕಚ್ಚಬಹುದು. ಅಳಿಲಿನಂಥ ಸಣ್ಣ ದಂಶಕಗಳಿಂದ ಮನುಷ್ಯರಿಗೆ ರೇಬಿಸ್ ಹರಡಿದ್ದು ತಿಳಿದುಬಂದಿಲ್ಲ. ಹಾಗೆಂದು ಗಾಯವನ್ನು ಕಡೆಗಣಿಸಬೇಡಿ. ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರಿಗೆ ತೋರಿಸಿ, ಟೆಟನಸ್ ಚುಚ್ಚುಮದ್ದಿನ ಬಗ್ಗೆ ಅವರು ತೀರ್ಮಾನಿಸಲಿ.

ಇಟ್ಟುಕೊಳ್ಳುವ ದಾರಿಯ ಬಗ್ಗೆ ನಾನು ಹೇಳಬೇಕಾದದ್ದು ಸ್ವಲ್ಪವೇ. ಆರೋಗ್ಯವಾಗಿರುವ ಅಳಿಲನ್ನು ಮನೆಯಲ್ಲಿ ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಕಾಪಾಡಿದರೆ ಅದು ಹತ್ತು ವರ್ಷ ದಾಟಿಯೂ ಬದುಕೀತು, ಆದರೆ ಆ ಹತ್ತು ವರ್ಷವೂ ಓಟ, ಜಿಗಿತ, ಜೊತೆಗಾರರು ಇಲ್ಲದ ಬದುಕು. ಮೇಲಾಗಿ ಕಾಡಿನ ಪ್ರಾಣಿಯನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಅನೇಕ ದೇಶಗಳಲ್ಲಿ ಅಪರಾಧ. ಬಿಡುವುದಕ್ಕೂ ಕೆಲವೆಡೆ ನಿಯಮಗಳಿವೆ. ಬ್ರಿಟನ್ನಿನಲ್ಲಿ ಅಮೆರಿಕ ಮೂಲದ ಬೂದು ಅಳಿಲು ಅಲ್ಲಿನ ಕೆಂಪು ಅಳಿಲಿಗೆ ಮಾರಕವಾದ್ದರಿಂದ, ಅದನ್ನು ಮತ್ತೆ ಹೊರಗೆ ಬಿಡುವುದೇ ನಿಷಿದ್ಧ. ನಿಮ್ಮ ಅಳಿಲು ಯಾವ ಜಾತಿಯದೆಂದು ಪತ್ರದಲ್ಲಿಲ್ಲ, ಹಾಗಾಗಿ ಹತ್ತಿರದ ವನ್ಯಜೀವಿ ಇಲಾಖೆಗೆ ಮೊದಲು ತಿಳಿಸಿ. ಅವರು ಪುನರ್ವಸತಿ ಕೇಂದ್ರವೊಂದನ್ನು ಸೂಚಿಸಿದರೆ ಅಲ್ಲಿಗೆ ಕೊಡುವುದೇ ಮೊದಲ ಆಯ್ಕೆಯಾಗಲಿ. ಅಲ್ಲಿ ಸಿಗುವ ದೊಡ್ಡ ಲಾಭ ಅದೇ ವಯಸ್ಸಿನ ಇತರ ಅಳಿಲುಗಳ ಒಡನಾಟ. ಒಂಟಿಯಾಗಿ ಬೆಳೆದ ಅಳಿಲು ತನ್ನವರ ಜೊತೆ ಸೇರಿದ ಮೇಲೆ ಮನುಷ್ಯರ ಸಲಿಗೆಯನ್ನು ಬೇಗ ಮರೆಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಅಥವಾ ಸೊಂಟ ಸರಿಪಡಿಸಲಾಗದಷ್ಟು ಸೊಟ್ಟಾಗಿದೆ ಎಂದು ಕಂಡುಬಂದರೂ, ಸೆಳೆತ ಮರುಕಳಿಸುತ್ತಿದ್ದರೂ ಬಿಡುವ ಮಾತೇ ಇಲ್ಲ. ಆಗ ಅಂಥ ಕೇಂದ್ರದ ದೊಡ್ಡ ಆವರಣವೇ ಅದರ ಮನೆಯಾಗಬೇಕು. ನೋವು ತೀವ್ರವಾಗಿ ಕಾಲುಗಳು ಪೂರ್ತಿ ಸೋತಿದ್ದರೆ ವೈದ್ಯರು ದಯಾಮರಣದ ಸಲಹೆ ಕೊಡಬಹುದು. ಕೇಳಲು ಕಷ್ಟವಾದರೂ ಅಂಥ ಸ್ಥಿತಿಯಲ್ಲಿ ಅದು ಕ್ರೌರ್ಯವಲ್ಲ.

ಮೂಳೆಗಳು ಸರಿಯಿದ್ದು, ಅಥವಾ ಕೆಲವು ವಾರಗಳ ಆಹಾರ ಬದಲಾವಣೆಯಿಂದ ಸರಿಹೋಗಿ, ಕೇಂದ್ರವಾವುದೂ ಹತ್ತಿರದಲ್ಲಿಲ್ಲದೆ, ಇಲಾಖೆಯ ಒಪ್ಪಿಗೆಯೊಂದಿಗೆ ನೀವೇ ಬಿಡಬೇಕಾಗಿ ಬಂದರೆ, ಅದನ್ನು ಒಂದು ದಿನದ ಕೆಲಸವೆಂದು ತಿಳಿಯದೆ ಒಂದೆರಡು ತಿಂಗಳ ಕೆಲಸವೆಂದು ತಿಳಿಯಿರಿ. ಮೊದಲ ಹೆಜ್ಜೆ ಮನೆಯಿಂದ ಹೊರಗಿನ ಪಂಜರಕ್ಕೆ. ಆಳೆತ್ತರದ, ಅರ್ಧ ಅಂಗುಲಕ್ಕಿಂತ ದೊಡ್ಡದಲ್ಲದ ಕಣ್ಣಿನ ಗಟ್ಟಿ ಜಾಲರಿಯ, ಹಾವು ಬೆಕ್ಕು ನುಸುಳದ, ಅರ್ಧ ಭಾಗಕ್ಕೆ ಮಳೆ ಬಿಸಿಲು ತಡೆಯುವ ಮಾಡು ಇರುವ ಪಂಜರ ಅದಾಗಿರಲಿ. ಅದನ್ನು ನೀವು ಅಳಿಲನ್ನು ಬಿಡಬೇಕೆಂದಿರುವ ಜಾಗದಲ್ಲೇ ಇಡಬೇಕು. ಕೊಂಬೆಗೆ ಕೊಂಬೆ ತಾಗುವ ದೊಡ್ಡ ಮರಗಳು, ಹತ್ತಿರದಲ್ಲಿ ನೀರು, ದೂರದಲ್ಲಿ ರಸ್ತೆ, ಕಡಿಮೆ ಬೆಕ್ಕು ನಾಯಿಗಳು, ಕೀಟನಾಶಕ ಹೊಡೆಯದ ನೆಲ, ಅಲ್ಲಲ್ಲಿ ಕಾಡಿನ ಅಳಿಲುಗಳು, ಇವಿರುವ ಜಾಗ ಒಳ್ಳೆಯದು. ಪಂಜರದೊಳಗೆ ಮರದ ಗೂಡುಪೆಟ್ಟಿಗೆಯೊಂದನ್ನು ಎತ್ತರದಲ್ಲಿ ಕಟ್ಟಿ. ಮೊದಲ ಕೆಲವು ದಿನ ಸ್ವೆಟರಿನ ತೋಳನ್ನು ಅದರೊಳಗೆ ಇಡಿ, ಆಮೇಲೆ ಒಣಹುಲ್ಲು, ನಾರು, ಎಲೆಗಳನ್ನು ಪಂಜರದ ನೆಲದಲ್ಲಿ ಹರಡಿ, ಬಟ್ಟೆಯನ್ನು ತೆಗೆದುಬಿಡಿ. ಅದು ತಾನೇ ಆ ಹುಲ್ಲನ್ನು ಬಾಯಲ್ಲಿ ಕಚ್ಚಿ ಒಳಗೆ ಸಾಗಿಸತೊಡಗಿದರೆ ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಲಕ್ಷಣ ಸಿಕ್ಕಿತೆಂದೇ ಅರ್ಥ. ಸುತ್ತಲಿನ ಮರಗಳ ಚಿಗುರು, ಹೂ, ತೊಗಟೆ, ಸಿಪ್ಪೆಯಿರುವ ಕಾಯಿಗಳನ್ನು ದಿನವೂ ಬೇರೆ ಬೇರೆ ಕಡೆ ಸಿಕ್ಕಿಸಿಡಿ. ಬಟ್ಟಲಿನಲ್ಲಿ ಸುಲಿದು ಕೊಡುವುದನ್ನು ನಿಲ್ಲಿಸಿ.

ಪಂಜರಕ್ಕೆ ಹೋದ ದಿನದಿಂದ ಅದನ್ನು ಎತ್ತಿಕೊಳ್ಳುವುದು, ಮಾತನಾಡಿಸುವುದು ನಿಲ್ಲಬೇಕು. ಒಬ್ಬರೇ ಹೋಗಿ ಆಹಾರವಿಟ್ಟು ಬರಬೇಕು. ನಿಮ್ಮ ಮಗಳಿಗೆ ಇದು ಬಿಡುಗಡೆಯ ದಿನಕ್ಕಿಂತ ಕಠಿಣವಾಗಿರುತ್ತದೆ ಎಂಬುದು ನನಗೆ ಗೊತ್ತು, ಕಾರಣವನ್ನು ಅವಳಿಗೆ ಬಿಡಿಸಿ ಹೇಳಿ. ನಾಯಿಯ ಸಂಗವಂತೂ ಇಂದಿನಿಂದಲೇ ಮುಗಿಯಬೇಕು, ಪಂಜರಕ್ಕಾಗಿ ಕಾಯಬೇಡಿ. ಈ ಇಡೀ ಪ್ರಕರಣದಲ್ಲಿ ಮೂಳೆಯ ಬಳಿಕ ನನಗಿರುವ ದೊಡ್ಡ ಆತಂಕ ಇದೇ. ನಿಮ್ಮ ನಾಯಿ ಸಾಧುವಿರಬಹುದು, ಆದರೆ ನಾಯಿ ಎಂದರೆ ಬೆನ್ನ ಮೇಲೆ ಕೂರಬಹುದಾದ ಪ್ರಾಣಿ ಎಂದು ಕಲಿತ ಅಳಿಲು ಹೊರಗೆ ಸಿಗುವ ಮೊದಲ ನಾಯಿಯ ಬಳಿಗೇ ಹೋಗುತ್ತದೆ. ಪಂಜರದ ಹೊರಗೆ ದೂರದಲ್ಲಿ ನಾಯಿ ಬೆಕ್ಕು ಸುಳಿದಾಗ, ತಲೆಯ ಮೇಲೆ ಗಿಡುಗ ಹಾರಿದಾಗ, ಬೇರೆ ಅಳಿಲುಗಳು ಅಪಾಯದ ಕೂಗು ಹಾಕಿದಾಗ ಅದು ಏನು ಮಾಡುತ್ತದೆಂದು ಮರೆಯಿಂದ ಗಮನಿಸಿ. ಥಟ್ಟನೆ ಸ್ತಬ್ಧವಾಗುವುದು, ಬಾಲ ಕೊಡವಿ ತಾನೂ ಕೂಗುವುದು, ಪೆಟ್ಟಿಗೆಗೆ ಓಡುವುದು ಇವೆಲ್ಲ ಒಳ್ಳೆಯ ಸೂಚನೆಗಳು. ಅಪರಿಚಿತರು ಬಂದಾಗ ಓಡಿ ಅಡಗಿದರೆ ಸಾಕು, ಆಹಾರ ಕೊಡುವ ನಿಮ್ಮೊಬ್ಬರಿಗೆ ಹೆದರದಿದ್ದರೆ ಅದು ದೊಡ್ಡ ಅಡ್ಡಿಯಲ್ಲ. ಆದರೆ ಜಾಲರಿಯ ಆಚೆ ನಿಂತ ನಾಯಿಯತ್ತ ಕುತೂಹಲದಿಂದ ಬರುತ್ತಲೇ ಇದ್ದರೆ ಬಾಗಿಲು ತೆರೆಯಬೇಡಿ, ಎಷ್ಟು ವಾರವಾದರೂ ಸರಿ.

ಮೂರು ನಾಲ್ಕು ವಾರಗಳ ಬಳಿಕ ಇವೆಲ್ಲ ಕಂಡುಬಂದರೆ, ಮರಗಳಲ್ಲಿ ಆಹಾರ ಹೇರಳವಾಗಿರುವ ಕಾಲದಲ್ಲಿ, ಮುಂದಿನ ಕೆಲವು ದಿನ ಗಾಳಿಮಳೆ ಇಲ್ಲವೆಂದು ಖಚಿತಪಡಿಸಿಕೊಂಡು, ಬೆಳಿಗ್ಗೆ ಬೇಗನೆ ಪಂಜರದ ಮೇಲ್ಭಾಗದ ಸಣ್ಣ ಬಾಗಿಲನ್ನು ತೆರೆದಿಟ್ಟು ದೂರ ಸರಿಯಿರಿ. ಓಡಿಸಬೇಡಿ, ಹಿಡಿದು ಮರದ ಮೇಲೆ ಇಡಬೇಡಿ. ಕೆಲವು ಅಳಿಲುಗಳು ಆ ಕ್ಷಣವೇ ಹೊರಡುತ್ತವೆ, ಕೆಲವು ಬಾಗಿಲಲ್ಲಿ ಕೂತು ಎರಡು ದಿನ ಯೋಚಿಸುತ್ತವೆ. ಸಂಜೆ ತಾನಾಗಿ ಒಳಗೆ ಬಂದರೆ ಬಾಗಿಲು ಮುಚ್ಚಿ, ಬೆಳಿಗ್ಗೆ ಮತ್ತೆ ತೆರೆಯಿರಿ. ಅದೇ ಅಳತೆಯ ಇನ್ನೊಂದು ಗೂಡುಪೆಟ್ಟಿಗೆಯನ್ನು, ಅಳಿಲಿನ ಮೈ ಹಿಡಿಯುವಷ್ಟೇ ಕಿರಿದಾದ ಬಾಯಿ ಮಾಡಿ, ಹತ್ತಿರದ ಮರದಲ್ಲಿ ಎರಡಾಳೆತ್ತರಕ್ಕಿಂತ ಮೇಲೆ ಮೊದಲೇ ಕಟ್ಟಿಸಿರಿ. ಓಡಿ ಅಡಗುವ ಜಾಗ ಎಂದು ನಾನು ಮೇಲೆ ಹೇಳಿದ್ದು ಇದನ್ನೇ.

ತಿರುಗಿ ಬಂದರೆ ಏನು ಮಾಡಬೇಕೆಂದು ಕೇಳಿದ್ದೀರಿ. ಬರುತ್ತದೆ, ಬರಲಿ. ಪಂಜರದ ಬಳಿ ಮಾತ್ರ ಆಹಾರವಿಡಿ, ಮನೆಯೊಳಗೆ ಸೇರಿಸಬೇಡಿ, ಕೈಯಿಂದ ತಿನ್ನಿಸಬೇಡಿ. ಮೊದಲ ಎರಡು ವಾರ ದಿನವೂ, ಆಮೇಲೆ ದಿನ ಬಿಟ್ಟು ದಿನ, ಹೀಗೆ ಕಡಿಮೆ ಮಾಡುತ್ತಾ ಹೋಗಿ. ಮೈ ಸೊರಗಿದ್ದರೆ, ಗಾಯವಾಗಿದ್ದರೆ, ದಾರಿಹೋಕರ ಹೆಗಲಿಗೆ ಹಾರುತ್ತಿದೆ ಎಂದು ತಿಳಿದುಬಂದರೆ ಪಂಜರದಲ್ಲಿ ಆಹಾರವಿಟ್ಟು ಒಳಗೆ ಕರೆದುಕೊಂಡು ಬಾಗಿಲು ಮುಚ್ಚಿ, ಚಿಕಿತ್ಸೆ ಕೊಡಿಸಿ, ಮತ್ತೆ ಕೆಲವು ವಾರ ಕಾಯಿರಿ. ಹಂತಹಂತವಾಗಿ ಬಿಡುವುದರಲ್ಲಿ ಹೀಗೆ ಹಿಂದೆ ಸರಿಯುವ ಅವಕಾಶ ಇರುತ್ತದೆ.

ಬಾರದೇ ಹೋದರೆ ಸತ್ತಿತೆಂದು ತೀರ್ಮಾನಿಸಬೇಡಿ. ಬದುಕುತ್ತದೆಂದು ನಾನು ಭರವಸೆ ಕೊಡಲಾರೆ. ತಾಯಿಯ ಜೊತೆ ಕಾಡಿನಲ್ಲೇ ಬೆಳೆದ ಅಳಿಲುಗಳಲ್ಲೂ ಮೊದಲ ವರ್ಷ ದಾಟದೆ ಹೋಗುವವು ಬಹಳ. ಆದರೆ ಎಳೆಯ ಅಳಿಲುಗಳು ಹುಟ್ಟಿದ ಜಾಗ ಬಿಟ್ಟು ಹೊಸ ಮರಗಳನ್ನು ಹುಡುಕಿಕೊಂಡು ಹೋಗುವುದು ಅವುಗಳ ಸಹಜ ಕ್ರಮ, ಮತ್ತು ಒಂದೇ ಅಳಿಲು ಹಲವು ಗೂಡುಗಳನ್ನು ಇಟ್ಟುಕೊಂಡಿರುತ್ತದೆ. ಕಾಣದಾದ ಮೇಲೂ ಎರಡು ವಾರ ನೀರು, ಆಹಾರ ಇಡುತ್ತಿರಿ, ನಂತರ ಪಂಜರವನ್ನು ತೆಗೆಯಬಹುದು. ಮರದ ಮೇಲಿನ ಪೆಟ್ಟಿಗೆಯನ್ನು ಮಾತ್ರ ಹಾಗೆಯೇ ಬಿಡಿ. ಮಳೆಗಾಲದಲ್ಲೋ ಮರಿ ಹಾಕುವ ಹೊತ್ತಿಗೋ ಅದಕ್ಕೆ ಮರಳಿ ಬರುವ ಸಾಧ್ಯತೆ ಇರುತ್ತದೆ. ಒಳಗೆ ಮರಿಗಳಿದ್ದಾವೆಯೇ ಎಂದು ನೋಡಲು ಮುಚ್ಚಳ ತೆರೆಯಬೇಡಿ.